ಫಿಸಿಯೋಥೆರಪಿ ಅಸಿಸ್ಟೆಂಟ್ ಕೋರ್ಸ್: ನಿಜಕ್ಕೂ ಏನು ಕಲಿಸಬೇಕು, ಸೇರುವ ಮುಂಚೆ ಏನು ನೋಡಬೇಕು?

ಸವಿತಾ, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಹನ್ನೆರಡನೇ ಸೈನ್ಸ್ ಮುಗಿಸಿದ್ದಾನೆ. ನೀಟ್‌ನಲ್ಲಿ ಬಂದ ಅಂಕಕ್ಕೆ ಬಿಪಿಟಿಎಚ್ (ಫಿಸಿಯೋಥೆರಪಿ ಡಿಗ್ರಿ) ಸೀಟು ಕಷ್ಟ. ಠಾಣೆ ಕಡೆಯ ಒಂದು ಇನ್‌ಸ್ಟಿಟ್ಯೂಟ್‌ನವರು ಒಂದು ವರ್ಷದ ಫಿಸಿಯೋಥೆರಪಿ ಅಸಿಸ್ಟೆಂಟ್ ಕೋರ್ಸ್ ಇದೆ ಅನ್ನುತ್ತಿದ್ದಾರೆ. ಆರು ತಿಂಗಳು ಕ್ಲಾಸು, ಆರು ತಿಂಗಳು ಆಸ್ಪತ್ರೆ, ಮುಗಿದ ಮೇಲೆ ಸ್ವಂತ ಸೆಂಟರ್ ಕೂಡ ಹಾಕಿಕೊಳ್ಳಬಹುದಂತೆ. ಕೊಟ್ಟ ಪುಸ್ತಿಕೆಯ ತುಂಬ ಮಷೀನ್‌ಗಳ ಫೋಟೋ. ಪಾಠದ ವಿಷಯ ಅರ್ಧ ಪುಟವೂ ಇಲ್ಲ.

ಈ ಕೆಲಸಕ್ಕೆ ನಿಜವಾಗಿ ಏನೇನು ಕಲಿತಿರಬೇಕು? ಸ್ವಂತ ಸೆಂಟರ್ ಮಾತು ಸರಿಯೇ? ನ್ಯೂಜೆರ್ಸಿಯಲ್ಲಿರುವ ದೊಡ್ಡಪ್ಪನ ಮಗಳು ಅಲ್ಲಿ ಪಿಟಿಎ (ಫಿಸಿಕಲ್ ಥೆರಪಿಸ್ಟ್ ಅಸಿಸ್ಟೆಂಟ್) ಕೆಲಸಕ್ಕೆ ಬೇಡಿಕೆ ಇದೆ ಅನ್ನುತ್ತಾಳೆ, ಇಲ್ಲಿನ ಸರ್ಟಿಫಿಕೇಟ್ ಅಲ್ಲಿ ನಡೆಯುತ್ತದೆಯೇ? ಇನ್ನೊಂದು, ತಮ್ಮ ತೆಳ್ಳಗಿದ್ದಾನೆ. ರೋಗಿಗಳನ್ನು ಎತ್ತಿ ಕೂರಿಸುವ ಕೆಲಸ ಅವನಿಂದ ಆಗುತ್ತದೋ ಇಲ್ಲವೋ ಅಂತ ಅಮ್ಮನಿಗೆ ಚಿಂತೆ. ಗೊತ್ತಿರುವವರು ದಯವಿಟ್ಟು ವಿವರವಾಗಿ ಹೇಳಿ.

ಅನಸೂಯಾ, ಮಾಟುಂಗಾ

ಸವಿತಾ ಅವರೇ, ಮೊದಲು ಸ್ವಂತ ಸೆಂಟರ್ ವಿಷಯ ಮುಗಿಸಿಬಿಡೋಣ. ಆಗುವುದಿಲ್ಲ. ರೋಗಿಯನ್ನು ಪರೀಕ್ಷಿಸುವುದು, ತೊಂದರೆ ಏನೆಂದು ತೀರ್ಮಾನಿಸುವುದು, ಚಿಕಿತ್ಸೆಯ ಯೋಜನೆ ಹಾಕುವುದು, ಅದನ್ನು ಬದಲಿಸುವುದು, ಇಷ್ಟೂ ಫಿಸಿಯೋಥೆರಪಿಸ್ಟರ ಕೆಲಸ. ಮಹಾರಾಷ್ಟ್ರದಲ್ಲಿ ಅವರು ರಾಜ್ಯದ ಆಕ್ಯುಪೇಷನಲ್ ಥೆರಪಿ ಮತ್ತು ಫಿಸಿಯೋಥೆರಪಿ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡಿರಬೇಕು. ಅಸಿಸ್ಟೆಂಟ್ ಆದವನು ಅವರು ಹಾಕಿಕೊಟ್ಟ ಯೋಜನೆಯನ್ನು ಅವರ ಮೇಲ್ವಿಚಾರಣೆಯಲ್ಲಿ ನಡೆಸಿಕೊಡುತ್ತಾನೆ. ರೋಗಿಗೆ ಏನಾಯಿತೆಂದು ನೋಡಿ, ಅಳೆದು, ಬರೆದು ತಿಳಿಸುತ್ತಾನೆ. ಈ ಗೆರೆಯನ್ನು ಮೊದಲ ವಾರವೇ ಹೇಳಿಕೊಡದ ಕೋರ್ಸ್‌ನ ಮಿಕ್ಕ ಪಾಠದ ಮೇಲೆ ನನಗೆ ನಂಬಿಕೆ ಬರುವುದಿಲ್ಲ.

ಎರಡನೆಯದು ಅವಧಿ. 2021ರಲ್ಲಿ ಬಂದ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆ ಎರಡು ದರ್ಜೆ ಮಾಡಿದೆ. ಅಲೈಡ್ ಹೆಲ್ತ್ ಪ್ರೊಫೆಷನಲ್ ಅನ್ನಿಸಿಕೊಳ್ಳಲು ಕನಿಷ್ಠ 2,000 ಗಂಟೆಗಳ ಡಿಪ್ಲೊಮಾ ಅಥವಾ ಡಿಗ್ರಿ ಬೇಕು, ಅದು 2ರಿಂದ 4 ವರ್ಷದಲ್ಲಿ ಹರಡಿರಬೇಕು. ಹೆಲ್ತ್‌ಕೇರ್ ಪ್ರೊಫೆಷನಲ್‌ಗೆ ಕನಿಷ್ಠ 3,600 ಗಂಟೆ, 3ರಿಂದ 6 ವರ್ಷದ ಡಿಗ್ರಿ. ಒಂದು ವರ್ಷದ ಕೋರ್ಸ್ ಈ ಎರಡರಲ್ಲಿ ಯಾವುದಕ್ಕೂ ಹೊಂದುವುದಿಲ್ಲ. ಹಾಗಂತ ಅದರಿಂದ ಕೆಲಸ ಕಲಿಯಲು ಆಗದು ಅಂತಲ್ಲ. ಆಸ್ಪತ್ರೆ, ಕ್ಲಿನಿಕ್‌ಗಳಲ್ಲಿ ಸಹಾಯಕರ ಕೆಲಸ ಇದೆ. ಆದರೆ ಸರ್ಟಿಫಿಕೇಟ್‌ನ ಬೆಲೆ ಎಷ್ಟು ಅನ್ನುವುದು ತಿಳಿದಿದ್ದು ದುಡ್ಡು ಕಟ್ಟಬೇಕು. ಕೆಲವು ಕಡೆ ಹೆಸರು ಫಿಸಿಯೋ ಅಸಿಸ್ಟೆಂಟ್ ಅಂತಿದ್ದರೂ ಒಳಗೆ ಕಲಿಸುವುದು ಜನರಲ್ ಡ್ಯೂಟಿ ಅಸಿಸ್ಟೆಂಟ್ ಪಾಠ: ಬೆಡ್ ಹಾಕುವುದು, ಸ್ಪಂಜ್ ಮಾಡಿಸುವುದು, ಬಿಪಿ ನೋಡುವುದು. ಅದೂ ಗೌರವದ ಕೆಲಸವೇ, ಆದರೆ ಇದು ಬೇರೆ.

ಇನ್ನು ಪಾಠ. ಬುನಾದಿ ಅಂಗರಚನೆ. ಪುಸ್ತಕದ ಚಿತ್ರ ಗುರುತಿಸಿದರೆ ಸಾಲದು, ಬಟ್ಟೆಯ ಮೇಲಿಂದ ಕೈಯಿಟ್ಟು ಮೂಳೆ ಹುಡುಕಲು ಬರಬೇಕು. ತೊಡೆಯ ಹೊರಬದಿಯಲ್ಲಿ ಉಬ್ಬಿರುವ ಗ್ರೇಟರ್ ಟ್ರೊಕ್ಯಾಂಟರ್, ಮಂಡಿಯ ಹೊರಬದಿಯ ಲ್ಯಾಟರಲ್ ಎಪಿಕಾಂಡೈಲ್, ಪಾದದ ಗಂಟಿನ ಹೊರಗಿನ ಮ್ಯಾಲಿಯೋಲಸ್, ಭುಜದ ತುದಿಯ ಅಕ್ರೋಮಿಯಾನ್. ತೆಳ್ಳಗಿನವರಲ್ಲಿ, ದಪ್ಪಗಿನವರಲ್ಲಿ, ಬಾವು ಬಂದ ಕಾಲಿನಲ್ಲಿ ಇವನ್ನು ಹುಡುಕುವುದು ಒಂದೇ ತರ ಅಲ್ಲ. ಇದು ಬಾರದವನಿಗೆ ಅಳತೆ ಬಾರದು, ಎಲೆಕ್ಟ್ರೋಡ್ ಇಡಲು ಬಾರದು, ಊರುಗೋಲು ಹೊಂದಿಸಲೂ ಬಾರದು. ಶರೀರಕ್ರಿಯೆ, ಚಲನೆಯ ಶಾಸ್ತ್ರ, ಸಾಮಾನ್ಯ ಕಾಯಿಲೆಗಳ ಪರಿಚಯ, ಕೈ ಶುಚಿ, ಎದೆ ಒತ್ತುವ ಸಿಪಿಆರ್, ಆಸ್ಪತ್ರೆಯ ಕಸವನ್ನು ಹಳದಿ, ಕೆಂಪು, ಬಿಳಿ, ನೀಲಿ ಎಂದು ಬೇರ್ಪಡಿಸುವುದು, ಇವೆಲ್ಲ ಇದ್ದೇ ಇರಬೇಕು.

ಬಸವರಾಜ, ಚಿಂಚವಡ

ಅಮ್ಮನ ಚಿಂತೆಗೆ ನಾನು ಉತ್ತರ ಹೇಳುತ್ತೇನೆ. ಇಲ್ಲಿ ಎತ್ತುವ ಬಲಕ್ಕಿಂತ ಜೋಡಣೆ ಮುಖ್ಯ. ತೆಳ್ಳಗಿನ ಹುಡುಗ ಸರಿಯಾಗಿ ನಿಂತರೆ ತನಗಿಂತ ಹೆಚ್ಚು ತೂಕದವರನ್ನು ಕುರ್ಚಿಗೆ ಸಾಗಿಸಬಲ್ಲ. ದಪ್ಪಗಿನವನು ತಪ್ಪಾಗಿ ನಿಂತರೆ ರೋಗಿಯ ಭುಜವೂ ಹೋಗುತ್ತದೆ, ತನ್ನ ಸೊಂಟವೂ ಹೋಗುತ್ತದೆ. ಕೋರ್ಸ್‌ನಲ್ಲಿ ಅತಿ ಹೆಚ್ಚು ಹೊತ್ತು ಕೊಡಬೇಕಾದ ಪಾಠ ಇದೇ ಅಂತ ನನ್ನ ಅಭಿಪ್ರಾಯ.

ಒಂದು ಉದಾಹರಣೆ ಪೂರ್ತಿ ಬಿಡಿಸಿ ಬರೆಯುತ್ತೇನೆ. ಲಕ್ವ ಹೊಡೆದು ಬಲಗೈ ಬಲಗಾಲು ಸೋತಿರುವ ರೋಗಿ, ಮಂಚದಿಂದ ವೀಲ್‌ಚೇರ್‌ಗೆ. ವೀಲ್‌ಚೇರ್ ಬಲವಿರುವ ಎಡಬದಿಗೆ, ಮಂಚಕ್ಕೆ 30ರಿಂದ 45 ಡಿಗ್ರಿ ಓರೆಯಾಗಿ. ಎರಡೂ ಬ್ರೇಕ್ ಹಾಕಿ, ಹಾಕಿದ ಮೇಲೆ ಕುರ್ಚಿಯನ್ನು ಕೈಯಿಂದ ತಳ್ಳಿ ನೋಡಬೇಕು. ಹಳೇ ಕುರ್ಚಿಗಳಲ್ಲಿ ಬ್ರೇಕ್ ಬಿದ್ದಂತೆ ಕಾಣುತ್ತದೆ, ಟಯರ್ ಸವೆದಿದ್ದರೆ ಹಿಡಿಯುವುದಿಲ್ಲ. ಕಾಲಿಡುವ ಪಟ್ಟಿ ಮಡಿಸಿ ಪಕ್ಕಕ್ಕೆ. ಮೂತ್ರದ ಚೀಲ, ಸಲೈನ್ ನಳಿಕೆ ಯಾವ ಕಡೆ ಇದೆ ನೋಡಿ, ಎಳೆತಕ್ಕೆ ಸಿಗದಂತೆ ಸರಿಸಿ. ಮೂತ್ರದ ಚೀಲ ಎಂದಿಗೂ ಮೂತ್ರಕೋಶದ ಮಟ್ಟಕ್ಕಿಂತ ಮೇಲೆ ಹೋಗಬಾರದು.

ರೋಗಿಯನ್ನು ಮಂಚದ ಅಂಚಿಗೆ ಕೂರಿಸಿ ಒಂದೆರಡು ನಿಮಿಷ ಬಿಡಬೇಕು. ತಲೆ ಸುತ್ತುತ್ತದೆಯೇ ಕೇಳಿ. ಬಹಳ ದಿನ ಮಲಗಿದ್ದವರಲ್ಲಿ ಎದ್ದ ಕೂಡಲೇ ಬಿಪಿ ಇಳಿಯುತ್ತದೆ. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದನ್ನು ಬರೆದು ಥೆರಪಿಸ್ಟರಿಗೆ ತಿಳಿಸಬೇಕು. ಕಾಲಿಗೆ ಜಾರದ ಚಪ್ಪಲಿ ಇರಲಿ. ಟೈಲ್ಸ್ ಮೇಲೆ ಬರೀ ಸಾಕ್ಸ್ ಹಾಕಿ ನಿಲ್ಲಿಸುವುದು ಬೀಳಿಸಿದಂತೆಯೇ.

ಈಗ ಸೊಂಟಕ್ಕೆ ಬೆಲ್ಟ್. ನಮ್ಮ ವಾರ್ಡ್‌ಗಳಲ್ಲಿ ಅದು ಕಾಣುವುದು ಕಡಿಮೆ. ಪೈಜಾಮದ ಲಾಡಿ ಹಿಡಿದು ಎತ್ತುವುದು ರೂಢಿ, ಅದು ಹರಿದು ಕೈಗೆ ಬರುತ್ತದೆ. ಅಗಲವಾದ ಬಟ್ಟೆ ಬೆಲ್ಟ್ ಒಂದನ್ನು ವಿದ್ಯಾರ್ಥಿ ತಾನೇ ಇಟ್ಟುಕೊಳ್ಳುವುದು ಒಳ್ಳೆಯದು. ರೋಗಿ ಆಸನದ ಅಂಚಿಗೆ ಸರಿದು, ಪಾದಗಳನ್ನು ಮಂಡಿಗಿಂತ ಹಿಂದಕ್ಕೆ ತಂದು, ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಮುಂದೆ ಬಾಗಬೇಕು. ಸಹಾಯಕ ಎದುರಿಗೆ, ಸೋತ ಬದಿಗೆ ಸ್ವಲ್ಪ ಒತ್ತಿ ನಿಂತು, ತನ್ನ ಮಂಡಿಯಿಂದ ರೋಗಿಯ ಸೋತ ಮಂಡಿಗೆ ತಡೆ ಕೊಡಬೇಕು. ಇಲ್ಲದಿದ್ದರೆ ಅದು ಸರಕ್ಕನೆ ಮಡಚಿಕೊಳ್ಳುತ್ತದೆ. ಒಂದು ಕೈ ಬೆಲ್ಟ್ ಮೇಲೆ, ಇನ್ನೊಂದು ಬೆನ್ನಿನ ಭುಜದೆಲುಬಿನ ಮೇಲೆ. ಎಣಿಸಿ, ಎಬ್ಬಿಸಿ, ಸಣ್ಣ ಹೆಜ್ಜೆಯಲ್ಲಿ ತಿರುಗಿಸಿ, ಕುರ್ಚಿ ಕಾಲಿನ ಹಿಂಭಾಗಕ್ಕೆ ತಾಗಿದ ಮೇಲೆ ಎಡಗೈಯಿಂದ ಕುರ್ಚಿಯ ತೋಳು ಹಿಡಿಸಿ, ನಿಧಾನಕ್ಕೆ ಕೂರಿಸಬೇಕು.

ಸೋತ ಕೈಯನ್ನಾಗಲಿ ಕಂಕುಳನ್ನಾಗಲಿ ಹಿಡಿದು ಎಳೆಯಲೇಬಾರದು. ಸ್ನಾಯುವಿನ ಹಿಡಿತ ಇಲ್ಲದ ಭುಜ ಕೀಲಿನಿಂದ ಜಾರುತ್ತದೆ, ಆ ನೋವು ತಿಂಗಳುಗಟ್ಟಲೆ ಕಾಡುತ್ತದೆ. ಮನೆಯವರು ಪ್ರೀತಿಯಿಂದಲೇ ಆ ಕೈ ಹಿಡಿದು ಎಬ್ಬಿಸುತ್ತಾರೆ. ಅವರಿಗೂ ಹೇಳಿಕೊಡುವುದು ಅಸಿಸ್ಟೆಂಟ್ ಕೆಲಸದ ಭಾಗ. ರೋಗಿ ನಮ್ಮ ಕುತ್ತಿಗೆಗೆ ಜೋತುಬೀಳಲೂ ಬಿಡಬಾರದು. ಸಹಾಯಕ ತನ್ನ ಸೊಂಟ ತಿರುಚಬಾರದು, ಪಾದ ತಿರುಗಿಸಬೇಕು.

ಒಬ್ಬನಿಂದ ಆಗದು ಅನ್ನಿಸಿದರೆ ಇಬ್ಬರು. ಕೇಳಲು ಸಂಕೋಚಪಡುವ ಹುಡುಗರು ಬೇಗ ಬೆನ್ನು ನೋಯಿಸಿಕೊಳ್ಳುತ್ತಾರೆ.

ಸವಿತಾ, ಡೊಂಬಿವಲಿ

ಬಸವರಾಜ ಸರ್, ಅನಸೂಯಾ ಮೇಡಂ, ತುಂಬಾ ಉಪಕಾರ. ಅಮ್ಮನಿಗೆ ಓದಿ ಹೇಳಿದೆ. ಆ ಪುಸ್ತಿಕೆಯಲ್ಲಿ ಹಾಟ್ ಪ್ಯಾಕ್, ವ್ಯಾಕ್ಸ್, ಅಲ್ಟ್ರಾಸೌಂಡ್, ಟೆನ್ಸ್, ಐಎಫ್‌ಟಿ, ಎಸ್‌ಡಬ್ಲ್ಯೂಡಿ ಅಂತ ಹೆಸರುಗಳಿವೆ. "ಎರಡು ವಾರದಲ್ಲಿ ಎಲ್ಲ ಮಷೀನ್ ಕಲಿಸುತ್ತೇವೆ" ಅಂದರು. ಅಷ್ಟು ಸಾಕೇ?

ನಾಗೇಶ, ವಾಸ್ಕೊ

ಅಕ್ಕಾರ, ಬಟನ್ ಒತ್ತೂದು ಎರಡು ದಿನದಾಗ ಬರ್ತದ. ಯಾವಾಗ ಒತ್ತಬಾರದು ಅನ್ನೂದಕ್ಕ ತಿಂಗಳು ಬೇಕು. ಒಂದೊಂದಾಗಿ ಹೇಳ್ತೀನಿ.

ಹಾಟ್ ಪ್ಯಾಕ್ ಇರೂ ನೀರಿನ ತೊಟ್ಟಿ ಸುಮಾರು 70ರಿಂದ 75 ಡಿಗ್ರಿ ಸೆಲ್ಸಿಯಸ್ ಇರ್ತದ. ಪ್ಯಾಕ್ ತಗದು ನೀರು ಸೋರಿಸಿ, 6ರಿಂದ 8 ಪದರ ಒಣ ಟವೆಲ್ ಸುತ್ತಿ, 15-20 ನಿಮಿಷ. ಅದಕ್ಕೂ ಮೊದಲ ಎರಡು ಟೆಸ್ಟ್ ಟ್ಯೂಬಿನಾಗ ಬಿಸಿನೀರು, ತಣ್ಣೀರು ತುಂಬಿ, ರೋಗಿ ಕಣ್ಣು ಮುಚ್ಚಿಸಿ ಚರ್ಮಕ್ಕ ತಾಗಿಸಿ ಕೇಳಬೇಕು. ಸಕ್ಕರೆ ಕಾಯಿಲೆ ಇರೋರಿಗೆ ಪಾದದಾಗ ಬಿಸಿ ಗೊತ್ತಾಗೂದಿಲ್ಲ, "ಆರಾಮ ಅನಸ್ತದ" ಅಂತ ಹೇಳ್ತಾರ, ಟವೆಲ್ ತಗದಾಗ ಬೊಬ್ಬೆ ಎದ್ದಿರ್ತದ. ಐದು ನಿಮಿಷಕ್ಕ ಒಮ್ಮೆ ಟವೆಲ್ ಎತ್ತಿ ಚರ್ಮ ನೋಡ್ರಿ. ಮಚ್ಚೆ ಮಚ್ಚೆಯಾಗಿ ಕೆಂಪು-ಬಿಳಿ ಆಗಿದ್ರ ತಗೀರಿ. ಪ್ಯಾಕಿನ ಮ್ಯಾಲೆ ರೋಗಿನ್ನ ಮಲಗಸಬ್ಯಾಡ್ರಿ, ಮೈಭಾರಕ್ಕ ಟವೆಲ್ ಅಮುಕಿ ಬಿಸಿ ಹೆಚ್ಚು ಇಳೀತದ, ಅಲ್ಲಿ ರಕ್ತ ಓಡಾಟನೂ ಕಡಿಮಿ ಆಗ್ತದ. ಮಳಿಗಾಲದಾಗ ನಮ್ಮ ಗೋವಾದಾಗ, ಮುಂಬೈದಾಗ ಟವೆಲ್ ಒಣಗೂದೇ ಇಲ್ಲ. ಹಸಿ ಟವೆಲ್ ಬಿಸಿನ್ನ ಜಲ್ದಿ ಒಳಗ ಬಿಡ್ತದ. ಜೂನ್‌ದಿಂದ ಸಪ್ಟೆಂಬರ್ ತನಕ ಇದೊಂದು ಮಾತು ದಿನಾ ನೆನಪಿರಬೇಕು.

ವ್ಯಾಕ್ಸ್ 52ರಿಂದ 54 ಡಿಗ್ರಿ. ಮೇಣ ಏಳು ಪಾಲಿಗೆ ಖನಿಜ ಎಣ್ಣೆ ಒಂದು ಪಾಲು. ಎಣ್ಣೆ ಹಾಕೂದು ಯಾಕಂದ್ರ ಮೇಣ ಕಡಿಮಿ ಬಿಸಿಗೇ ಕರಗಲಿ ಅಂತ. ಬರೀ ಮೇಣ ಕರಗಿಸಿ ಕೈ ಅದ್ದಿಸಿದ್ರ ಸುಡ್ತದ. ಉಂಗುರ, ಬಳಿ ತಗದು, ಕೈ ತೊಳದು, ನೀರಿನ ಹನಿ ಉಳಿಯದಂಗ ಒರಸಿ, 8ರಿಂದ 10 ಸಲ ಅದ್ದಿ ತಗೀಬೇಕು. ಬೆರಳು ಅಗಲಿಸಿ, ಅಲ್ಲಾಡಿಸದ. ಅಲ್ಲಾಡಿಸಿದ್ರ ಮೇಣ ಬಿರುಕು ಬಿಟ್ಟು ಒಳಗ ಹೊಸಾ ಬಿಸಿಮೇಣ ಹೋಗ್ತದ. ಗಾಯ ಇದ್ದ ಕೈ ಅದ್ದಿಸಬಾರದು.

ಅಲ್ಟ್ರಾಸೌಂಡ್ ಅಂದ್ರ ಇಲ್ಲಿ ಸ್ಕ್ಯಾನ್ ಅಲ್ಲ, ಧ್ವನಿ ಅಲೆ ಬಿಡೂ ಹೆಡ್ ಚರ್ಮದ ಮ್ಯಾಲೆ ತಿರಗಿಸಿ ಕೊಡೂ ಚಿಕಿತ್ಸೆ: ಆಳದ ಜಾಗಕ್ಕ 1 ಮೆಗಾಹರ್ಟ್ಸ್, ಮ್ಯಾಲಿನ ಜಾಗಕ್ಕ 3. ಜೆಲ್ ಸಾಕಷ್ಟು ಇರಬೇಕು, ನಡುವ ಗಾಳಿ ಬಂದ್ರ ಅಲೆ ಒಳಗ ಹೋಗೂದೇ ಇಲ್ಲ, ಹೆಡ್ ಕಾಯ್ತದ. ಸೆಕೆಂಡಿಗೆ ಸುಮಾರು 4 ಸೆಂಟಿಮೀಟರ್ ವೇಗದಾಗ ತಿರಗಸ್ತಾ ಇರಬೇಕು. ಒಂದ ಕಡೆ ನಿಲ್ಲಿಸಿದ್ರ ಮೂಳೆಯ ಪೊರೆ ಸುಟ್ಟಂಗಾಗಿ ರೋಗಿ ಚೀರ್ತಾನ. ಹೆಡ್ಡಿನ ಕೆಲಸಾ ಮಾಡೂ ಭಾಗದ ಎರಡ ಪಟ್ಟು ಜಾಗ ಇದ್ರ ಸುಮಾರು 5 ನಿಮಿಷ ಸಾಕು. ಇಡೀ ಬೆನ್ನಿಗೆ ಐದು ನಿಮಿಷ ಸವರಿದ್ರ ಏನೂ ಪ್ರಯೋಜನ ಇಲ್ಲ. ಬಸುರಿ ಹೊಟ್ಟಿ-ಸೊಂಟ, ಕ್ಯಾನ್ಸರ್ ಇದ್ದ ಜಾಗ, ಕಣ್ಣು, ಪೇಸ್‌ಮೇಕರ್ ಇರೂ ಎದಿ, ಮಕ್ಕಳ ಮೂಳೆ ಬೆಳಿಯೂ ತುದಿ, ಇಲ್ಲೆಲ್ಲ ಬ್ಯಾಡ.

ಟೆನ್ಸ್ ಅಂದ್ರ ಚರ್ಮದ ಮ್ಯಾಲೆ ಪ್ಯಾಡ್ ಹಚ್ಚಿ ನೋವಿಗೆ ಕೊಡೂ ಸಣ್ಣ ಕರೆಂಟ್. ಸಾಮಾನ್ಯ ರೀತಿ 80ರಿಂದ 120 ಹರ್ಟ್ಸ್, ಪಲ್ಸ್ 50ರಿಂದ 100 ಮೈಕ್ರೋಸೆಕೆಂಡ್. ಜುಮ್ ಅನ್ನೂದು ಜೋರಾಗಿ ಗೊತ್ತಾಗಬೇಕು, ಸ್ನಾಯು ಕುಣೀಬಾರದು. ಕುತ್ತಿಗಿ ಮುಂಭಾಗ ಮತ್ತು ಪೇಸ್‌ಮೇಕರ್ ಇದ್ದೋರಿಗೆ ಇಲ್ಲ. ಐಎಫ್‌ಟಿ ಅಂದ್ರ ಎರಡು ಕರೆಂಟ್ ಒಳಗ ಕೂಡಿಸಿ ಕೊಡೂದು. ಅದಕ್ಕ ನಾಕು ಪ್ಯಾಡ್, ಎರಡು ಜೋಡಿ, ನೋವಿನ ಜಾಗದ ಮ್ಯಾಲೆ ಒಂದಕ್ಕೊಂದು ಕತ್ತರಿ ಹಾಕಿದಂಗ ಬರಬೇಕು. ಜೋಡಿ ಪಕ್ಕಾಪಕ್ಕ ಇಟ್ರ ಎರಡೂ ಕರೆಂಟ್ ಒಳಗ ಕೂಡೂದಿಲ್ಲ. ಪ್ಯಾಡ್ ಅರ್ಧ ಒಣಗಿದ್ರ, ಅಂಚು ಎದ್ದಿದ್ರ ಒಂದು ಮೂಲಿಗೇ ಕರೆಂಟ್ ಸೇರಿ ಚುಚ್ಚತದ.

ಎಸ್‌ಡಬ್ಲ್ಯೂಡಿ ಅಂದ್ರ ಶಾರ್ಟ್‌ವೇವ್ ಡಯಾಥರ್ಮಿ, ರೇಡಿಯೋ ಅಲೆಯಿಂದ ಆಳಕ್ಕ ಬಿಸಿ ಕೊಡೂದು, 27.12 ಮೆಗಾಹರ್ಟ್ಸ್. ಇದರ ಬಗ್ಗೆ ಭಯಾ ಇರಬೇಕು. ಒಳಗ ರಾಡ್, ಸ್ಕ್ರೂ, ಕೀಲು ಬದಲಿ ಮಾಡಿದ್ದು, ಕಾಪರ್-ಟಿ ಇದ್ದವರಿಗೆ ಆ ಭಾಗದಾಗ ಕೊಡಬಾರದು. ಕಬ್ಬಿಣದ ಮಂಚ, ಕಬ್ಬಿಣದ ಕುರ್ಚಿ ಬ್ಯಾಡ, ಕಟ್ಟಿಗಿದು ಬೇಕು. ಬೆವರು ಒರಸಬೇಕು. ಕೇಬಲ್ ಒಂದಕ್ಕೊಂದು ತಾಗಬಾರದು, ರೋಗಿ ಮೈಗೂ ತಾಗಬಾರದು. ಮೊಬೈಲ್, ಕಿವಿ ಮಷೀನ್ ದೂರ.

ಇನ್ನೊಂದು, ಯಾವ ಮಷೀನ್, ಎಷ್ಟು ಹೊತ್ತು ಅಂತ ಬರಕೊಡೂದು ಥೆರಪಿಸ್ಟರು. ಅಸಿಸ್ಟೆಂಟ್‌ಗೆ ಬೇಕಾಗಿದ್ದು "ಇವತ್ತು ಕೊಡೂದು ಸರಿ ಇಲ್ಲ ಅನಸ್ತದ, ಒಮ್ಮೆ ನೋಡ್ರಿ" ಅಂತ ಹೋಗಿ ಹೇಳೂ ಧೈರ್ಯ.

ಅನಸೂಯಾ, ಮಾಟುಂಗಾ

ನಾಗೇಶ ಅವರು ಹೇಳಿದ್ದು ಪೂರ್ತಿ ಸರಿ. ಒಂದೇ ಮಾತು ಸೇರಿಸುತ್ತೇನೆ: ಬಿಸಿಯಷ್ಟೇ ಎಚ್ಚರ ತಣ್ಣನೆಯ ಪ್ಯಾಕ್‌ಗೂ ಬೇಕು. 10ರಿಂದ 15 ನಿಮಿಷ ಸಾಕು. ತಣ್ಣಗೆ ತಾಗಿದರೆ ಬೆರಳು ಬೆಳ್ಳಗೆ-ನೀಲಿಯಾಗುವವರಿಗೆ, ಮೈಮೇಲೆ ದದ್ದು ಏಳುವವರಿಗೆ ಕೊಡಬಾರದು.

ಮಷೀನ್‌ಗಿಂತ ಹೆಚ್ಚು ಸಲ ಕೈಗೆ ಬರುವುದು ಗೋನಿಯೋಮೀಟರ್, ಅಂದರೆ ಕೀಲು ಎಷ್ಟು ಮಡಚುತ್ತದೆ ಎಂದು ಅಳೆಯುವ ಎರಡು ತೋಳಿನ ಪಟ್ಟಿ. ಮಂಡಿ ಅಳೆಯುವುದಾದರೆ ರೋಗಿ ಬೆನ್ನ ಮೇಲೆ ಮಲಗಿರಬೇಕು. ಪಟ್ಟಿಯ ನಡುಬಿಂದು ಮಂಡಿಯ ಹೊರಬದಿಯ ಎಪಿಕಾಂಡೈಲ್ ಮೇಲೆ, ನಿಂತ ತೋಳು ಗ್ರೇಟರ್ ಟ್ರೊಕ್ಯಾಂಟರ್ ಕಡೆಗೆ, ಚಲಿಸುವ ತೋಳು ಹೊರಗಿನ ಮ್ಯಾಲಿಯೋಲಸ್ ಕಡೆಗೆ. ನೇರ ಮಾಡುವುದನ್ನು ಅಳೆಯುವಾಗ ಹಿಮ್ಮಡಿಯ ಕೆಳಗೆ ಚಿಕ್ಕ ಟವೆಲ್ ಸುರುಳಿ ಇಡಬೇಕು. ಇಲ್ಲದಿದ್ದರೆ ಹಾಸಿಗೆ ಅಡ್ಡ ಬಂದು ಮಂಡಿ ಪೂರ್ತಿ ನೇರವಾಗಲು ಆಗದು. ಮಡಚುವಾಗ ಹಿಮ್ಮಡಿಯನ್ನು ಪೃಷ್ಠದ ಕಡೆ ಜಾರಿಸಿ. ಅಂಕಿ ಓದಲು ನಾವು ಬಗ್ಗಿ ಕಣ್ಣನ್ನು ಅದೇ ಮಟ್ಟಕ್ಕೆ ತರಬೇಕು, ಮೇಲಿಂದ ನೋಡಿದರೆ ತಪ್ಪು ಓದುತ್ತೇವೆ. ಸಹಜವಾಗಿ ಮಂಡಿ 0ಯಿಂದ ಸುಮಾರು 135, ಮೊಣಕೈ 0ಯಿಂದ 150, ಭುಜ ಮುಂದಕ್ಕೆ 180. ಇಬ್ಬರು ಅಳೆದಾಗ 5 ಡಿಗ್ರಿ ವ್ಯತ್ಯಾಸ ಬರುವುದು ಸಾಮಾನ್ಯ. ನಿನ್ನೆ 90, ಇವತ್ತು 93 ಅಂದರೆ ಸುಧಾರಣೆ ಅಂತ ಹೇಳಿ ರೋಗಿಗೆ ಆಸೆ ಹುಟ್ಟಿಸಬಾರದು. ಭುಜ ಅಳೆಯುವಾಗ ರೋಗಿ ಬೆನ್ನು ಕಮಾನು ಮಾಡಿ ಕೈಯನ್ನು ಮೇಲೆ ತೋರಿಸುತ್ತಾನೆ. ಪಕ್ಕೆಲುಬು ಎದ್ದಿದೆಯೇ ನೋಡಿದರೆ ಗೊತ್ತಾಗುತ್ತದೆ.

ಮಂಡಿ ಬದಲಿ ಶಸ್ತ್ರಚಿಕಿತ್ಸೆ ಆದವರು ಮುಂಬೈ-ಪುಣೆ ಆಸ್ಪತ್ರೆಗಳಲ್ಲಿ ಬಹಳ. ಅವರಿಗೆ ಹಿತ ಅನ್ನಿಸಲಿ ಅಂತ ಮನೆಯವರು ಮಂಡಿಯ ಕೆಳಗೆ ದಿಂಬು ಇಡುತ್ತಾರೆ. ತೆಗೆಸಿಬಿಡಿ, ಮಡಚಿದ ಭಂಗಿಯಲ್ಲೇ ಕೀಲು ಬಿಗಿಯಾಗುತ್ತದೆ. ಸೊಂಟದ ಕೀಲು ಬದಲಿಯನ್ನು ಹಿಂದಿನಿಂದ ಮಾಡಿದ್ದರೆ 90 ಡಿಗ್ರಿಗಿಂತ ಹೆಚ್ಚು ಬಗ್ಗುವುದು, ಕಾಲ ಮೇಲೆ ಕಾಲು ಹಾಕುವುದು, ಪಾದ ಒಳಕ್ಕೆ ತಿರುಗಿಸುವುದು ಮೂರೂ ನಿಷಿದ್ಧ. ನೆಲದ ಮೇಲೆ ಊಟಕ್ಕೆ ಕೂರುವವರು, ಕುಕ್ಕರುಗಾಲಲ್ಲಿ ಕೂರುವ ಸಂಡಾಸು ಇರುವ ಚಾಳಿನವರು ಇದನ್ನು ಬಿಡುಗಡೆಗೆ ಮುಂಚೆಯೇ ಕೇಳಿಸಿಕೊಳ್ಳಬೇಕು. ಮನೆಗೆ ಹೋದ ಮೇಲೆ ಹೇಳಿದರೆ ತಡವಾಗಿರುತ್ತದೆ.

ಬರವಣಿಗೆ ಕಲಿಸುತ್ತಾರಾ ಕೇಳಿ. "ರೋಗಿ ಚೆನ್ನಾಗಿದ್ದಾರೆ, ವ್ಯಾಯಾಮ ಮಾಡಿಸಿದೆ" ಅನ್ನುವುದು ನೋಟ್ ಅಲ್ಲ. "ನೋವು 10ರಲ್ಲಿ 6. ವಾಕರ್ ಹಿಡಿದು 15 ಮೀಟರ್ ಎರಡು ಸಲ, ನಡುವೆ 2 ನಿಮಿಷ ವಿಶ್ರಾಂತಿ, ಕನಿಷ್ಠ ಸಹಾಯ. ಬಲಮಂಡಿ 5ರಿಂದ 80" ಅನ್ನುವುದು ನೋಟ್. ಸಹಾಯದ ಮಟ್ಟಕ್ಕೂ ಲೆಕ್ಕವಿದೆ: ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕೆಲಸ ರೋಗಿಯದೇ ಆದರೆ ಕನಿಷ್ಠ, ಅರ್ಧದಿಂದ ಮುಕ್ಕಾಲು ಆದರೆ ಮಧ್ಯಮ, ಕಾಲು ಭಾಗದಿಂದ ಅರ್ಧ ಆದರೆ ಗರಿಷ್ಠ. ನಾಳೆ ಬರುವ ಥೆರಪಿಸ್ಟರು ಇದನ್ನು ಓದಿಯೇ ಮುಂದಿನ ಹೆಜ್ಜೆ ಇಡಬೇಕು.

ಅಲ್ಲೇ ನಿಲ್ಲಿಸಿ ಕೂಡಲೇ ಹೇಳಬೇಕಾದವು ಕೆಲವಿವೆ. ಒಂದೇ ಕಾಲಿನ ಮೀನಖಂಡ ಊದಿ, ಬೆಚ್ಚಗಾಗಿ, ಮುಟ್ಟಿದರೆ ನೋವು. ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಮಾಲಿಶ್ ಅಂತೂ ಮಾಡಲೇಬಾರದು. ಎದೆನೋವು, ತಣ್ಣನೆ ಬೆವರು, ಇದ್ದಕ್ಕಿದ್ದಂತೆ ಏದುಸಿರು. ಸೊಂಟನೋವಿನವರಿಗೆ ಕೂರುವ ಜಾಗ ಮರಗಟ್ಟಿ ಮೂತ್ರ ಹಿಡಿತ ತಪ್ಪುವುದು. ಹೊಲಿಗೆಯಿಂದ ಹೊಸದಾಗಿ ಸೋರಿಕೆ.

ಬಸವರಾಜ, ಚಿಂಚವಡ

ಕೋಲು, ಊರುಗೋಲಿನ ವಿಷಯ ಯಾರೂ ಮುಟ್ಟಿಲ್ಲ, ಚಿಕ್ಕದಾಗಿ ಹೇಳುತ್ತೇನೆ. ಕೋಲು ನೋವಿಲ್ಲದ ಬದಿಯ ಕೈಯಲ್ಲಿ. ಹಲವರು ನೋವಿನ ಕಡೆಗೇ ಹಿಡಿಯುತ್ತಾರೆ, ಆಗ ಭಾರ ಆ ಕಾಲಿನ ಮೇಲೆಯೇ ಬೀಳುತ್ತದೆ. ನೇರ ನಿಂತು ಕೈ ಇಳಿಬಿಟ್ಟಾಗ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು, ಹಿಡಿದಾಗ ಮೊಣಕೈ 20ರಿಂದ 30 ಡಿಗ್ರಿ ಮಡಚಿರಬೇಕು. ಕಂಕುಳ ಊರುಗೋಲಿನ ಮೇಲ್ತುದಿ ಕಂಕುಳಿಗಿಂತ ಎರಡು ಮೂರು ಬೆರಳು ಕೆಳಗೆ. ಭಾರ ಅಂಗೈ ಮೇಲೆ, ಕಂಕುಳ ಮೇಲಲ್ಲ. ಕಂಕುಳ ಮೇಲೆ ಜೋತುಬಿದ್ದರೆ ನರ ಒತ್ತಿ ಮಣಿಕಟ್ಟು ಎತ್ತಲಾಗದೆ ಜೋಲುತ್ತದೆ.

ಮೆಟ್ಟಿಲು ಏರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಊರುಗೋಲು ಯಾವಾಗಲೂ ನೋವಿನ ಕಾಲಿನ ಜೊತೆಗೆ. ಲಿಫ್ಟ್ ಇಲ್ಲದ ಹಳೇ ಕಟ್ಟಡಗಳಲ್ಲಿ ಕಂಬಿ ಒಂದೇ ಕಡೆ ಇರುತ್ತದೆ. ಅಲ್ಲಿ ಒಂದು ಕೈ ಕಂಬಿಗೆ, ಎರಡೂ ಊರುಗೋಲು ಇನ್ನೊಂದು ಕೈಗೆ. ಇದನ್ನು ಆಸ್ಪತ್ರೆಯ ಮೆಟ್ಟಿಲಲ್ಲೇ ಮಾಡಿಸಿ ಕಳಿಸಬೇಕು. ಸಹಾಯಕ ಏರುವಾಗ ರೋಗಿಯ ಹಿಂದೆ, ಇಳಿಯುವಾಗ ಮುಂದೆ, ಅಂದರೆ ಯಾವಾಗಲೂ ಕೆಳಗಿನ ಮೆಟ್ಟಿಲ ಕಡೆ. ತುದಿಯ ರಬ್ಬರ್ ಬಿಲ್ಲೆ ತಿರುಗಿಸಿ ನೋಡಿ, ಗೆರೆ ಸವೆದಿದ್ದರೆ ಬದಲಿಸಿ. ಮಳೆಗಾಲದಲ್ಲಿ ಸವೆದ ಬಿಲ್ಲೆ ಒದ್ದೆ ಟೈಲ್ಸ್ ಮೇಲೆ ಜಾರಿಯೇ ಜಾರುತ್ತದೆ.

ತಮ್ಮನಿಗೆ ಮರಾಠಿ ಚೆನ್ನಾಗಿ ಬರಬೇಕು. ಗುಡಘಾ ವಾಕವಾ (ಮಂಡಿ ಮಡಚಿ), ಸರಳ ಕರಾ (ನೇರ ಮಾಡಿ), ಶ್ವಾಸ ಘ್ಯಾ (ಉಸಿರು ಎಳೆದುಕೊಳ್ಳಿ), ದುಖತಂಯ ಕಾ (ನೋಯುತ್ತಿದೆಯೇ), ಇಷ್ಟು ಬಾಯಲ್ಲಿ ಸಲೀಸಾಗಿ ಬಂದರೆ ವಯಸ್ಸಾದವರು ಹೆದರದೆ ಕಾಲು ಮಡಚುತ್ತಾರೆ.

ವಿನಯಾ, ಕೋಥರೂಡ್

ಅಮೆರಿಕದ ಪ್ರಶ್ನೆಗೆ ಉತ್ತರ: ಇಲ್ಲಿನ ಒಂದು ವರ್ಷದ ಸರ್ಟಿಫಿಕೇಟ್ ಅಲ್ಲಿ ಪಿಟಿಎ ಲೈಸೆನ್ಸ್‌ಗೆ ನಡೆಯುವುದಿಲ್ಲ. ಅಲ್ಲಿ ಪಿಟಿಎ ಆಗಲು ಕಾಪ್‌ಟಿ (ಅಲ್ಲಿನ ಫಿಸಿಯೋಥೆರಪಿ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇರುವ ಕಾಲೇಜಿನಲ್ಲಿ ಅಸೋಸಿಯೇಟ್ ಡಿಗ್ರಿ ಮಾಡಬೇಕು, ಸಾಮಾನ್ಯವಾಗಿ ಎರಡು ವರ್ಷ. ಮೊದಲು ಅಂಗರಚನೆ, ಶರೀರಕ್ರಿಯೆ, ಮನಃಶಾಸ್ತ್ರ, ಇಂಗ್ಲಿಷ್ ಬರವಣಿಗೆಯಂಥ ವಿಷಯ, ಆಮೇಲೆ ಚಲನಶಾಸ್ತ್ರ, ಅಳತೆ, ವ್ಯಾಯಾಮ, ಮಷೀನ್ ಚಿಕಿತ್ಸೆ, ಮೂಳೆ-ಕೀಲು, ನರ, ಹೃದಯ-ಶ್ವಾಸದ ರೋಗಿಗಳ ಆರೈಕೆ, ಜೊತೆಗೆ ವಾರಗಟ್ಟಲೆ ಪೂರ್ಣಾವಧಿಯ ಆಸ್ಪತ್ರೆ ತರಬೇತಿ. ಮುಗಿದ ಮೇಲೆ ಎನ್‌ಪಿಟಿಇ ಎಂಬ ರಾಷ್ಟ್ರೀಯ ಪರೀಕ್ಷೆಯ ಪಿಟಿಎ ಆವೃತ್ತಿ. ಅಂಕಗಳ ಅಳತೆ 200ರಿಂದ 800, ಪಾಸಾಗಲು 600. ಅದಾದ ಮೇಲೆ ಆ ರಾಜ್ಯದ ಲೈಸೆನ್ಸ್. ಅಲ್ಲೂ ಮೊದಲ ಪರೀಕ್ಷೆ, ಯೋಜನೆ ಎಲ್ಲ ಥೆರಪಿಸ್ಟರದೇ.

ಅವರ ಪದ್ಧತಿಯಲ್ಲಿ ಒಂದನ್ನು ನಮ್ಮ ಕೋರ್ಸ್‌ಗಳು ಎತ್ತಿಕೊಳ್ಳಬೇಕು. ಪ್ರಾಯೋಗಿಕ ಪರೀಕ್ಷೆಯಲ್ಲಿ ಸುರಕ್ಷತೆಯ ಅಂಶಗಳು ಬೇರೆಯೇ ಇರುತ್ತವೆ. ವೀಲ್‌ಚೇರ್ ಬ್ರೇಕ್ ಹಾಕಲು ಮರೆತರೆ ಉಳಿದದ್ದೆಲ್ಲ ಸರಿ ಇದ್ದರೂ ಆ ಪರೀಕ್ಷೆ ಮತ್ತೆ ಕೊಡಬೇಕು. ರೋಗಿಯ ಮುಂದೆ ನಿಲ್ಲುವ ಮುಂಚೆ ಪ್ರತಿ ಕೌಶಲವನ್ನೂ ಶಿಕ್ಷಕರೆದುರು ಮಾಡಿ ತೋರಿಸಿ ಸಹಿ ಹಾಕಿಸಿಕೊಳ್ಳಬೇಕು.

ಸವಿತಾ, ಡೊಂಬಿವಲಿ

ಎಲ್ಲರಿಗೂ ಧನ್ಯವಾದ. ಶನಿವಾರ ಆ ಇನ್‌ಸ್ಟಿಟ್ಯೂಟ್‌ಗೆ ಹೋಗುತ್ತಿದ್ದೇವೆ. ಹೋದಾಗ ಏನೇನು ಕೇಳಬೇಕು? ಇದು ಬೇಡ ಅನ್ನಿಸಿದರೆ ಬೇರೆ ದಾರಿ ಏನಿದೆ?

ಅನಸೂಯಾ, ಮಾಟುಂಗಾ

ಆರು ತಿಂಗಳ ಆಸ್ಪತ್ರೆ ತರಬೇತಿ ಯಾವ ಆಸ್ಪತ್ರೆಯಲ್ಲಿ, ಒಪ್ಪಂದದ ಪತ್ರ ತೋರಿಸಿ ಅನ್ನಿ. ಅಲ್ಲಿ ತಮ್ಮನ ಮೇಲ್ವಿಚಾರಣೆಗೆ ಕೌನ್ಸಿಲ್ ನೋಂದಣಿ ಇರುವ ಫಿಸಿಯೋಥೆರಪಿಸ್ಟರು ಯಾರು, ಒಬ್ಬರಿಗೆ ಎಷ್ಟು ವಿದ್ಯಾರ್ಥಿಗಳು? ವಾರ್ಡ್, ಓಪಿಡಿ ಎರಡೂ ಸಿಗುತ್ತವೆಯೇ? ಬರೀ ಓಪಿಡಿಯಲ್ಲಿ ಮಷೀನ್ ಹಚ್ಚುತ್ತ ಕೂತರೆ ಬಸವರಾಜ ಅವರು ಬರೆದದ್ದು ಒಂದೂ ಕೈಗೆ ಹತ್ತುವುದಿಲ್ಲ. ಸರ್ಟಿಫಿಕೇಟ್ ಕೊಡುವುದು ಯಾವ ಮಂಡಳಿ ಅಥವಾ ವಿಶ್ವವಿದ್ಯಾಲಯ, ಅದರ ಮಾನ್ಯತೆ ಪತ್ರದ ಪ್ರತಿ ಕೇಳಿ ಪಡೆಯಿರಿ. ಕೌಶಲಗಳಿಗೆ ಸಹಿ ಹಾಕುವ ಪುಸ್ತಕ ಇದ್ದರೆ ಹಳೆಯ ಬ್ಯಾಚಿನದು ಒಂದು ನೋಡಿ. ಎಲ್ಲ ಪುಟಕ್ಕೂ ಒಂದೇ ದಿನದ ಸಹಿ ಇದ್ದರೆ ಎದ್ದು ಬನ್ನಿ. "ಮುಂದೆ ಬಿಪಿಟಿಎಚ್‌ಗೆ ನೇರ ಎರಡನೇ ವರ್ಷ" ಅಂತ ಯಾರಾದರೂ ಅಂದರೆ ಸಂಬಂಧಪಟ್ಟ ವಿಶ್ವವಿದ್ಯಾಲಯದ ಲಿಖಿತ ನಿಯಮ ಕೇಳಿ. ಬಾಯಿಮಾತಿಗೆ ಶುಲ್ಕ ಕಟ್ಟಬೇಡಿ.

ನಾಗೇಶ, ವಾಸ್ಕೊ

ಬ್ಯಾರೆ ದಾರಿ ಕೇಳಿದ್ರಿ. ಹುಡುಗನಿಗೆ ಈ ಕೆಲಸದ ಮ್ಯಾಲೆ ಮನಸು ಇದ್ರ ಡಿಗ್ರಿನೇ ಮಾಡಸ್ರಿ. ಮಹಾರಾಷ್ಟ್ರದಾಗ ಬಿಪಿಟಿಎಚ್ ನಾಶಿಕದ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಕೆಳಗ ನಡೀತದ. ಸರಕಾರಿ ಸೀಟು ಸಿಗದಿದ್ರೂ ಖಾಸಗಿ ಕಾಲೇಜಿನ ಕಡೀ ಸುತ್ತಿನ ತನಕಾ ಕಾಯ್ರಿ, ಮೊದಲನೇ ಸುತ್ತಿಗೇ ಕೈ ಚೆಲ್ಲಬ್ಯಾಡ್ರಿ. ಬೆಳಗಾವಿ ಕೆಎಲ್‌ಇ, ಧಾರವಾಡ ಎಸ್‌ಡಿಎಂದಾಗೂ ಫಿಸಿಯೋಥೆರಪಿ ಕಾಲೇಜ್ ಅದಾವ, ಗೋವಾದಿಂದ ನಮ್ಮ ಮಂದಿ ಮಕ್ಕಳು ಹೋಗ್ತಾರ. ಪ್ರವೇಶದ ನಿಯಮಾ ಬದಲಾಗ್ತಾ ಇರ್ತದ, ಅದಕ್ಕ ಆ ವರ್ಷದ ಪ್ರಕಟಣೆನೇ ನೋಡ್ರಿ. ಬೆಳಗಾವಿದಾಗ ರೋಗಿಗಳು ಕನ್ನಡ-ಮರಾಠಿ ಎರಡೂ ಮಾತಾಡ್ತಾರ, ಹುಡುಗನಿಗೆ ಅನುಕೂಲ. ಅರ್ಜಿ ಹಾಕೂ ಮೊದಲ ಹತ್ತಿರದ ಯಾವುದರ ಆಸ್ಪತ್ರಿ ಫಿಸಿಯೋ ವಿಭಾಗದಾಗ ಅನುಮತಿ ಕೇಳಿ ಎರಡು ಮೂರು ದಿನ ಬೆಳಿಗ್ಗೆ ಹೊತ್ತು ನಿಂತು ನೋಡಲಿ. ಬೆಳಗಿನ ಓಪಿಡಿ ಗದ್ದಲ, ವಾರ್ಡಿನ ವಾಸನಿ, ನೋವಿಗೆ ಸಿಟ್ಟು ಮಾಡೂ ರೋಗಿಗಳು, ಎಲ್ಲಾ ಕಂಡ ಮ್ಯಾಲೂ ಮನಸು ಇದ್ರ ಸೇರಸ್ರಿ.